ಕೆಳಗೇ ಉಳಿದ ಸುಣ್ಣ

ಗೆಳತೀ,

ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ, ಕಾಗದ ಬಿಸಿಯಿದ್ದೀತು. ಕಡಲತಳದೊಂದಿಗೆ ಭೂಮಿಯೊಳಕ್ಕೆ ಜಾರುವ ಇಂಗಾಲವೆಲ್ಲ ಜ್ವಾಲಾಮುಖಿಗಳಿಂದ ವಾಪಸ್ ಬರುತ್ತದೆಂದು ನಾನು, ಒಂದಷ್ಟು ಕೆಳಗೇ ಉಳಿಯುತ್ತದೆಂದು ನೀನು ಜಗಳವಾಡಿದ್ದೆವಲ್ಲ? ಇವತ್ತು ಪುಟ್ಟ ಚಿನ್ನದ ಕೊಳವೆಗೆ, ಆ ಇಂಗಾಲವನ್ನು ಹೊತ್ತಿರುವ ಸುಣ್ಣಕಲ್ಲಿನ ಪುಡಿ ತುಂಬಿ, ಬೆಸುಗೆ ಹಾಕಿ, ಪಾತಾಳದಷ್ಟು ಒತ್ತಿ ಕಾಯಿಸಿ, ಕೊಯ್ದು ನೋಡಿದೆ. ಸುಣ್ಣ ಬಹುಪಾಲು ಕರಗದೆ ಹಾಗೇ ಕೂತಿತ್ತು; ಗೆದ್ದದ್ದು ನೀನು.

ಗುರುಗಳು ಕುಣಿದಾಡಿದರು. "ಅವಳು ಆಗ್ಲೇ ಹೇಳಿದ್ಲು ಕಣಯ್ಯಾ!"

"ಸಾರ್, ಬೆರಳು ಸುಟ್ಕೊಂಡಿದ್ದು ನಾನು."

"ಅದೇನು ನಿನಗೆ ಹೊಸದಾ? ಪ್ರಬಂಧದಲ್ಲಿ ಅವಳ ಹೆಸರು ಮೊದಲು ಹಾಕು."

ಹಾಕಿದೆ. ಆರು ವರ್ಷದಿಂದ ಖಾಲಿಯಿರುವ ನಿನ್ನ ಕುರ್ಚಿಗೆ ನನಗಿಂತ ಹೆಚ್ಚು ಮರ್ಯಾದೆ!

ನೀನು ಪೆಟ್ಟಿಗೆ ಕಟ್ಟಿಕೊಂಡು ಹೊರಟ ದಿನ ನಾನು ಬಾಗಿಲವರೆಗೂ ಬರಲಿಲ್ಲ. ಹೋದದ್ದೆಲ್ಲ ತಾನಾಗಿ ವಾಪಸ್ ಬರುತ್ತದೆಂದು ಆಗ ನಂಬಿದ್ದೆನಲ್ಲ.