ಪೋಸ್ಟರಿನಲ್ಲಿ ಅಪ್ಪ

ಅಮ್ಮಾ,

ಗ್ಯಾಲರಿಯ ಮುಂದಿನ ತಿಂಗಳ ಪ್ರದರ್ಶನಗಳಲ್ಲಿ ನನ್ನದೇ ಮೊದಲು. ನಾನು ಬರೆದ, ಬಾಯಿ ಬಿಟ್ಟುಕೊಂಡು ಮಲಗಿರುವ ಅಪ್ಪನ ಚಿತ್ರವನ್ನೇ ಪೋಸ್ಟರ್ ಮಾಡಿ ಬಾಗಿಲಿಗೆ ಅಂಟಿಸಿದ್ದಾರೆ. "ನನ್ನ ಮಾನ ಹರಾಜು ಹಾಕಿದ್ಲು" ಅಂತ ಅಪ್ಪ ನನ್ನ ಜೊತೆ ಮಾತು ಬಿಟ್ಟ ಮೇಲೆ, ಅದನ್ನು ತೆಗೆಸಿಬಿಡೋಣ ಅಂದುಕೊಂಡಿದ್ದೆ. ಇನ್ನು ತೆಗೆಸುವುದಿಲ್ಲ.

ನಿನ್ನೆ ಅಪ್ಪ ಒಬ್ಬರೇ ಇಲ್ಲಿಗೆ ಬಂದಿದ್ದರಂತೆ. ಪೋಸ್ಟರ್ ಪಕ್ಕ ನಿಂತು ಕಾವಲುಗಾರನನ್ನು, "ಇದು ಯಾರ ಥರ ಇದೆ, ಹೇಳಪ್ಪ" ಅಂತ ಕೇಳಿದರಂತೆ. ಅವನು, "ಗೊತ್ತಾಗ್ತಿಲ್ಲ ಸಾರ್" ಅಂದನಂತೆ. ಅಪ್ಪ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತು, "ಈಗ?" ಅಂದರಂತೆ.

ಹೋದ ಜೀವ ಬಂದ ಹಾಗಾಯಿತಮ್ಮ. ಇದೆಲ್ಲ ನನಗೆ ಗೊತ್ತು ಅಂತ ಅಪ್ಪನಿಗೆ ಹೇಳಬೇಡ. ಉದ್ಘಾಟನೆಗೆ ಮುಂಚೆ ಅವರು ಕೂದಲಿಗೆ ಬಣ್ಣ ಹಚ್ಚಿಕೊಳ್ಳದ ಹಾಗೆ ಮಾತ್ರ ನೋಡಿಕೋ. ಜನಕ್ಕೆ ಗುರುತು ಸಿಗಬೇಕಲ್ಲ.

ನಿನ್ನ ಮಗಳು