ತಂತಿ ಬಿಗಿದವನಿಗೆ ಒಂದು ಕೆಲಸ

ಮಾಕಳಿ, ಸೋಮವಾರ

ಮ್ಯಾನೇಜರ್ ಅವರಿಗೆ ನಮಸ್ಕಾರ.

ನಿಮ್ಮ ಪೀಣ್ಯದ ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಎರಡು ಬೆರಳು ಕಳೆದುಕೊಂಡ ನಂಜೇಶನ ಅಕ್ಕ ನಾನು. ಕೈ ಒಳಗೆ ಸಿಗದಿರಲೆಂದು ಎರಡು ಕೈಯಿಂದಲೂ ಒತ್ತಬೇಕಾದ ಗುಂಡಿಗಳಲ್ಲಿ ಒಂದನ್ನು, ಕೆಲಸ ಬೇಗ ಸಾಗಲೆಂದು ತಂತಿಯಿಂದ ಬಿಗಿದು, ಬಿಚ್ಚದೆ ಪಾಳಿ ಮುಗಿಸಿ ಹೋದವನು ಮುತ್ತು. ಮುಂದಿನ ಪಾಳಿಗೆ ಬಂದ ನಂಜೇಶನಿಗೆ ಅದು ಗೊತ್ತಿರಲಿಲ್ಲ. ಅವನನ್ನು ನೀವು ಕೆಲಸದಿಂದ ತೆಗೆದಿದ್ದೀರಿ. ತಪ್ಪು ಅವನದೇ. ಆದರೆ ಉಳಿದ ಪ್ರೆಸ್ಸುಗಳಲ್ಲೂ ಅಂಥ ತಂತಿಗಳಿದ್ದವು. ಸೂಪರ್‌ವೈಸರ್ ನೋಡಿಯೂ ಸುಮ್ಮನಿದ್ದರಂತೆ. ಅವರು ಇಂದಿಗೂ ಕೆಲಸದಲ್ಲಿದ್ದಾರೆ.

ಮುತ್ತುವನ್ನು ನಾನು ಕ್ಷಮಿಸಿಲ್ಲ. ಆದರೂ ಅವನನ್ನು ಮರಳಿ ಸೇರಿಸಿಕೊಳ್ಳಿ. ಪ್ರತಿ ಪಾಳಿಗೂ ಮೊದಲು ಪ್ರೆಸ್ಸುಗಳನ್ನು ಪರೀಕ್ಷಿಸುವ ಕೆಲಸ ಕೊಡಿ. ಇದು ನಂಜೇಶನ ಕೋರಿಕೆ. ನಿನ್ನೆ ಬ್ಯಾಂಡೇಜು ಬದಲಿಸುವಾಗ ಅವನೇ ಹೇಳಿದ: “ಮುತ್ತು ನೋಡಿದ್ ಮಷೀನಾದ್ರೆ ಮತ್ತೆ ಕೈ ಇಡ್ತೀನಿ ಕಣಕ್ಕ. ಬೇರೆ ಯಾರ್ ನೋಡಿದ್ರೂ ಇಲ್ಲ.”

ಇಂತಿ,
ಪುಷ್ಪಲತಾ