ಡೀಲಿಯಾಳ ಹಲ್ಲುನೋವು

ಆ್ಯಂಕೋಟ್ಸ್, ಮ್ಯಾಂಚೆಸ್ಟರ್
೮ ಜುಲೈ ೧೮೯೭, ಗುರುವಾರ

ಪ್ರೀತಿಯ ತಂಗಿ ಸಬೀನಾಳಿಗೆ ನಿನ್ನ ಅಕ್ಕ ಹೊನೋರಾಳ ನೂರು ಮುತ್ತು.

ಈ ಪತ್ರ ಓದಿಸಿಕೊಳ್ಳಲು ಮೇಷ್ಟ್ರ ಮನೆಗೆ ಹೋಗಬೇಡ. ನಿಧಾನವಾದರೂ ನೀನೇ ಓದು. ಮಾರ್ಟಿನ್‌ಗೆ ಆಮೇಲೆ ಹೇಳಿದರಾಯಿತು. ನಿನ್ನ ಗಂಡ ಮೊದಲು ಕೂಗಾಡಿ ಆಮೇಲೆ ವಿಷಯ ಕೇಳುವ ಪೈಕಿ.

ಡೀಲಿಯಾಗೆ ಹುಷಾರಿಲ್ಲ. ಈಸ್ಟರ್ ಪತ್ರದಲ್ಲಿ ನಿನ್ನ ಮಗಳಿಗೆ ಸ್ವಲ್ಪ ಹಲ್ಲುನೋವು ಎಂದು ಬರೆದಿದ್ದೆನಲ್ಲ, ಅದು ಸ್ವಲ್ಪವಾಗಿರಲಿಲ್ಲ. ನಾಲ್ಕು ವಾರದಿಂದ ಆಸ್ಪತ್ರೆಯಲ್ಲಿದ್ದಾಳೆ. ಕೆಳದವಡೆಯ ಎಡಭಾಗವನ್ನು ತೆಗೆದುಹಾಕಿದ್ದಾರೆ. ಮಾತಿಲ್ಲ. ಹಾಲನ್ನು ನಳಿಕೆಯಲ್ಲಿ ಬಿಡುತ್ತಾರೆ. ಏನಾದರೂ ಬೇಕಾದರೆ ಸ್ಲೇಟಿನ ಮೇಲೆ ಬರೆಯುತ್ತಾಳೆ.

ನಮ್ಮ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಕಡ್ಡಿಯ ತುದಿಗೆ ಹಚ್ಚುವ ರಂಜಕವಿದೆಯಲ್ಲ, ಅದರ ಹೊಗೆ ಹುಳುಕು ಹಲ್ಲಿನ ದಾರಿ ಹಿಡಿದು ಮೂಳೆಗೆ ಇಳಿಯುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ. ನಾನು ಇಪ್ಪತ್ತೈದು ವರ್ಷ ಅದೇ ಗಾಳಿ ಕುಡಿದಿದ್ದೇನೆ, ನನಗೇನೂ ಆಗಿಲ್ಲ. ನಿನ್ನ ಮಗಳಿಗೆ ಆಯಿತು. ಅವಳನ್ನು ಅಲ್ಲಿಗೆ ಸೇರಿಸಿದವಳು ನಾನೇ ಎಂದು ನೀನು ಅನ್ನುವೆ. ಹೌದು. ಆದರೆ "ಹೆಂಗಾದ್ರೂ ಮಾಡಿ ಒಂದು ಕೆಲ್ಸ ಕೊಡ್ಸಕ್ಕಾ" ಎಂದು ವರ್ಷಾನುಗಟ್ಟಲೆ ಕಾಡಿದವಳು ಯಾರು, ಸಬೀನಾ?

ಫೆಬ್ರವರಿಯಲ್ಲಿ ಅವಳು ನನ್ನ ಮೇಲ್ವಿಚಾರಣೆಯ ಮೇಜಿನ ಹತ್ತಿರ ಬಂದು, "ದೊಡ್ಡಮ್ಮಾ, ಹಲ್ಲು ಸಿಡೀತಿದೆ, ನನ್ನನ್ನ ಹೊಗೆ ಇಲ್ದಿರೋ ಕಡೆ, ಪೆಟ್ಟಿಗೆ ತುಂಬೋಕೆ ಹಾಕ್ತೀಯಾ?" ಎಂದಳು. ಎಲ್ಲ ಹುಡುಗಿಯರೂ ನೋಡುತ್ತಿದ್ದರು. "ನಿಮ್ಮಮ್ಮನ ಥರಾನೇ ನಾಟ್ಕ ನಿಂದು, ಹೋಗು" ಎಂದೆ. ಅವರೆಲ್ಲ ನಕ್ಕರು. ಪೆಗ್ಗಿ ಸ್ಕ್ಯಾನ್ಲನ್ ಎಂಬ ಬಾಯಿಬಡುಕಿಯಂತೂ, "ಏನೇ ಡೀಲಿಯಾ, ಕೆನ್ನೇಲಿ ಆಲೂಗಡ್ಡೆ ಮಡಗಿದೀಯಾ? ನಮ್ಗೂ ಒಂದು ಕೊಡೇ" ಎಂದಳು. ಡೀಲಿಯಾ ಕೂಡ ನಕ್ಕಳು. ನಗುವಾಗ ಕೆನ್ನೆ ಹಿಡಿದುಕೊಂಡಿದ್ದಳು.

ನನ್ನ ಪರಿಸ್ಥಿತಿಯನ್ನೂ ಸ್ವಲ್ಪ ನೋಡು. ಕಾರ್ಖಾನೆಯ ಆ ಕೋಣೆಯಲ್ಲಿ ನನ್ನ ಕೈಕೆಳಗೆ ಮೂವತ್ತೆರಡು ಹುಡುಗಿಯರಿದ್ದಾರೆ. ಹೋದ ವರ್ಷ ಅವರಲ್ಲೊಬ್ಬಳಿಗೆ ಹೀಗೇ ಆಗಿತ್ತು. ಆಗ ಮ್ಯಾನೇಜರ್ ನನ್ನನ್ನು ಕರೆದು, "ಇನ್ನೊಂದು ಹೀಗಾದ್ರೆ ಅವಳ ಹಿಂದೇನೇ ನೀನೂ ಗೇಟು ದಾಟ್ತೀಯ, ಹೊನೋರಾ" ಎಂದಿದ್ದ. ಹಲ್ಲು ನೋಡುವ ಡಾಕ್ಟರ್ ತಿಂಗಳಿಗೊಮ್ಮೆ ಬರುತ್ತಾನೆ. ಮಾರ್ಚಿನಲ್ಲಿ ಅವನು ಬಂದಾಗ ಡೀಲಿಯಾಳನ್ನು ಅಂಟು ತರಲು ಗೋದಾಮಿಗೆ ಕಳಿಸಿದೆ. ಏಪ್ರಿಲ್‌ನಲ್ಲಿಯೂ ಕಳಿಸಿದೆ. ಮೇನಲ್ಲಿ ನಾನು ಹೇಳುವ ಮೊದಲೇ ಅವಳಾಗಿ ಎದ್ದು ಹೋದಳು. ಒಳ್ಳೆಯ ಹುಡುಗಿ, ಹೇಳಿದ್ದನ್ನು ಕೇಳುತ್ತಿದ್ದಳು. ಆ ವಿಷಯದಲ್ಲಿ ನೀನು ಚೆನ್ನಾಗಿ ಬೆಳೆಸಿದ್ದೀಯ.

ಜೂನ್‌ನಲ್ಲಿ ಪೆಂಟೆಕೊಸ್ಟ್ ಹಬ್ಬದ ವಾರದ ಶುಕ್ರವಾರ ನಮ್ಮ ಚರ್ಚಿನ ಮೆರವಣಿಗೆಯಿತ್ತು. ಬಾವುಟದ ಒಂದು ರಿಬ್ಬನ್ ಹಿಡಿಯುವ ಗೌರವ ಡೀಲಿಯಾಗೆ ಸಿಕ್ಕಿತ್ತು. ಬಿಳಿ ಉಡುಪನ್ನು ತಾನೇ ಹೊಲಿದುಕೊಂಡಿದ್ದಳು. ಎರಡು ಬೀದಿ ದಾಟುವಷ್ಟರಲ್ಲಿ ಅವಳ ಅಕ್ಕಪಕ್ಕದವರು ಸರಿಯತೊಡಗಿದರು. "ದೇವ್ರೇ, ಇವ್ಳ ಬಾಯಲ್ಲೇನೋ ಸತ್ತಿದೆ ಕಣ್ರೇ" ಎಂದು ಪೆಗ್ಗಿ ಹೇಳಿದ್ದು ಹಿಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು. ನಾನು ಜಪಮಾಲೆ ನೋಡುತ್ತ ನಡೆದೆ. ಕೊನೆಗೆ ಆ ರಿಬ್ಬನ್ನಿನ ಹತ್ತಿರ ಅವಳೊಬ್ಬಳೇ ಉಳಿದಳು. ಮೆರವಣಿಗೆ ನಿಂತಾಗ ಕರವಸ್ತ್ರ ಬಿಚ್ಚಿಕೊಂಡು ನನ್ನ ಬಳಿ ಬಂದಳು. ಅದರಲ್ಲಿ ಬಟಾಣಿ ಕಾಳಿನಷ್ಟು ಏನೋ ಇತ್ತು. "ದೊಡ್ಡಮ್ಮಾ, ಇದು ಹಲ್ಲಲ್ಲ ಅಲ್ವಾ?" ಎಂದಳು.

ಅದು ಹಲ್ಲಲ್ಲ, ಮೂಳೆ. ನಾನು ಏನೆಂದೆ ಎಂದು ಕೇಳಬೇಡ. ಕೇಳದಿದ್ದರೂ ಹೇಳುತ್ತೇನೆ. "ಮುಚ್ಕೋ, ಜನ ನೋಡ್ತಿದಾರೆ" ಎಂದೆ. ಅಲ್ಲಿಯೇ ಕುಸಿದಳು.

ಆಸ್ಪತ್ರೆಯಲ್ಲಿ ಕೇಳಿದರೆ ಹತ್ತಿ ಗಿರಣಿಯ ಕೆಲಸ ಎನ್ನು ಎಂದು ದಾರಿಯಲ್ಲೇ ಹೇಳಿಕೊಟ್ಟಿದ್ದೆ. ಹಾಗೇ ಹೇಳಿದಳು. ಡಾಕ್ಟರ್ ಅವಳ ಮುಖದ ಹತ್ತಿರ ಬಗ್ಗಿ ಉಸಿರಿನ ವಾಸನೆ ನೋಡಿ, "ಮಗೂ, ಈ ಸುಳ್ಳು ನಿಂಗೆ ಯಾರು ಕಲ್ಸಿದ್ದು?" ಎಂದು ಕೇಳಿದ. ಅವಳು ನನ್ನ ಕಡೆ ನೋಡಲಿಲ್ಲ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಈಗ ನಂಜು ಕಣ್ಣಿನ ಕಡೆಗೆ ಏರಿದೆ. ಇನ್ನು ಕೊಯ್ಯಲು ಏನೂ ಉಳಿದಿಲ್ಲವಂತೆ. ಭಾನುವಾರದ ಆಚೆಗೆ ಡಾಕ್ಟರು ಮಾತು ಕೊಡುತ್ತಿಲ್ಲ. ಫಾದರ್ ಕಿಲ್‌ಗ್ಯಾಲನ್ ನಿನ್ನೆ ಬಂದು ಸಾಯುವವರಿಗೆ ಕೊಡುವ ಕೊನೆಯ ಎಣ್ಣೆಯ ಸಂಸ್ಕಾರ ಮಾಡಿದರು. ಹೊರಗೆ ಬಂದು ನನ್ನನ್ನು ಗೋಡೆಗೆ ನಿಲ್ಲಿಸಿ, "ಅವಳ ತಾಯಿಗೆ ನೀನು ಬರೀತೀಯೋ, ಇಲ್ಲ ನಾನು ಬರೀಲೋ?" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ. ಅವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ಕೇಳುವುದು ನಿನಗೆ ಹಿತ.

ನನ್ನನ್ನು ಶಪಿಸುವ ಮೊದಲು ಒಂದು ಮಾತು. ಹದಿನಾರು ವರ್ಷಕ್ಕೆ ಮನೆಯವರು ನನ್ನ ಪೆಟ್ಟಿಗೆ ಕಟ್ಟಿ ಈ ಊರಿಗೆ ಹಡಗು ಹತ್ತಿಸಿದಾಗ ನೀನು ಅಮ್ಮನ ಬೆನ್ನ ಹಿಂದೆ ನಿಂತಿದ್ದೆ. ಒಲೆಯ ಪಕ್ಕದ ಜಾಗ ನಿನಗೆ ಸಿಕ್ಕಿತು, ನನಗೆ ರಂಜಕ. ಈ ಊರಿನಲ್ಲಿ ನನ್ನದು ಎಂದು ಇರುವುದು ಆ ಮೇಜು, ಆ ಕೋಣೆ. ಅದನ್ನು ಉಳಿಸಿಕೊಳ್ಳಲು ನೋಡಿದೆ. ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆಯೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

ಬರುವುದಾದರೆ ಪತ್ರ ಕೈಸೇರಿದ ಗಳಿಗೆಯಲ್ಲೇ ಹೊರಡು. ನೇರ ಆಸ್ಪತ್ರೆಗೆ ಬಾ, ಕಾರ್ಖಾನೆಗೆ ಹೋಗಬೇಡ. ಗೇಟಿನಲ್ಲಿ ನಿಂತು ನೀನು ರಂಪ ಮಾಡಿದರೆ ಅವಳ ದವಡೆ ತಿರುಗಿ ಬರುವುದಿಲ್ಲ.

ನಿನ್ನ ಒಡಹುಟ್ಟಿದವಳು,
ಹೊನೋರಾ ರುವೇನ್

ತಾ.ಕ.: ಆಸ್ಪತ್ರೆ ಸೇರಿದ ಮರುದಿನದಿಂದಲೇ ಅವಳು ಸ್ಲೇಟಿನಲ್ಲಿ "ಅಮ್ಮ" ಎಂದು ಬರೆಯುತ್ತಿದ್ದಳು. ನೀನು ಬಂದರೆ ಊರೆಲ್ಲ ಗೊತ್ತಾಗುತ್ತದೆ ಎಂದು ಹೆದರಿದೆ. ನಿನಗೆ ಮೂರು ಪತ್ರ ಹಾಕಿದ್ದೇನೆ ಎಂದು ಅವಳಿಗೆ ಸುಳ್ಳು ಹೇಳಿದೆ. ಹುಲ್ಲು ಕೊಯ್ಲು ಬಿಟ್ಟು ಬರಲು ಆಗುವುದಿಲ್ಲ ಎಂದು ನೀನು ಉತ್ತರ ಬರೆದಿದ್ದೀಯ ಎಂದೂ ಹೇಳಿದೆ. ಅವಳು ನಂಬಿದಳು. ಆಮೇಲೆ ಆ ಪದ ಬರೆಯಲಿಲ್ಲ. ಈಗ ನಾನು ಹೋದರೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ, ಬಿಡುವುದೇ ಇಲ್ಲ. ನೀನು ಬರುವ ಹೊತ್ತಿಗೆ ಅವಳು ಇನ್ನೂ ಇದ್ದರೆ, ದಯವಿಟ್ಟು, ಕೊಯ್ಲು ಈಗಷ್ಟೇ ಮುಗಿಯಿತು ಎಂದೇ ಹೇಳು.